ಸೀತತ್ತೆ ಓದಿ ಹೇಳಿದ ದೆವ್ವದ ಕಥೆ

ಬೆಳಿಗ್ಗೆ ಡಿಕಾಕ್ಷನ್ ಇಳಿಸಿದೆ, ಕ್ಯಾನ್ ನೀರು ತೆಗೆದುಕೊಂಡೆ, ದೋಸೆಗೆ ನೆನೆಹಾಕಿದೆ, ಹಿಂದಿನ ಮೋರಿಯಲ್ಲಿ ಸೇರಿಕೊಂಡಿದ್ದ ಎಲೆ ತೆಗೆದೆ. ತಮಿಳರ ಐಪ್ಪಸಿ ತಿಂಗಳ ಮಳೆನೀರು ಮನೆಗೆ ನುಗ್ಗುವ ಮುಂಚೆ ಕೆಳಗಿನ ಕಪಾಟಿನ ಸಾಮಾನನ್ನೆಲ್ಲ ಅಟ್ಟಕ್ಕೆ ಏರಿಸುವುದು ವೇಲಚೇರಿಯ ನೆಲಮಹಡಿಯವರ ವರ್ಷದ ಕೆಲಸ. ಹಾಗೆ ಏರಿಸುವಾಗ ಸೀತತ್ತೆಯ ಪೆಟ್ಟಿಗೆಯಿಂದ, ನುಸಿಗುಳಿಗೆಯ ವಾಸನೆಯ ಜೊತೆಗೆ ಆ ಪುಸ್ತಕ ಹೊರಬಂತು.

ನಾನು ಬೆಳೆದ ಅಡ್ಯಾರಿನ ಮನೆ ಈಗಿಲ್ಲ. ಉಯ್ಯಾಲೆ ತೂಗುತ್ತಿದ್ದ ಜಾಗದಲ್ಲಿ ಯಾರದೋ ಕಾರುಗಳು ನಿಲ್ಲುತ್ತವೆ. ಅಪ್ಪನ ಅಕ್ಕ ಸೀತತ್ತೆ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮಲ್ಲೇ ಇದ್ದವರು, ಮಧ್ಯಾಹ್ನ ಅಕ್ಕಿ ಆರಿಸುತ್ತ ಕಾದಂಬರಿಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ನಿಮ್ಮ ಮನೆಗಳಲ್ಲೂ ಇಂಥ ಮಧ್ಯಾಹ್ನಗಳಿದ್ದಿರಬಹುದು. ಅತ್ತೆ ಮೆಚ್ಚಿದ ಕಾದಂಬರಿಕಾರ್ತಿಗಾಗಿ ಕನ್ನಡ ಸಂಘದ ಲೈಬ್ರರಿಯಲ್ಲಿ ಹೆಂಗಸರು ಸರದಿ ಕಾಯುತ್ತಿದ್ದರು. ಆಕೆಯ ಕಥೆಯೆಂದರೆ ಕೊನೆಗೆ ಮದುವೆಯೋ ಸೀಮಂತವೋ ಆಗಲೇಬೇಕು. ದೆವ್ವದ ಕಥೆಗಳ ಈ ಒಂದು ಸಂಕಲನವನ್ನು ಮಾತ್ರ ಯಾರೂ ಕೇಳಿರಲಿಲ್ಲ; ಕೆಲವು ಹಾಳೆ ಇನ್ನೂ ಅಂಟಿಕೊಂಡೇ ಇದ್ದವು. ಅಮ್ಮ ಗಂಟಲಿನ ಆಪರೇಷನ್ನಿಗೆಂದು ಆಸ್ಪತ್ರೆ ಸೇರಿದಾಗ, ನನ್ನ ಅಳು ಮರೆಸಲು ಅತ್ತೆ ಲೇಖಕಿಯ ಹೆಸರೊಂದನ್ನೇ ನಂಬಿ ಅದನ್ನು ತಂದರು. ಮೊದಲ ಕಥೆಯಲ್ಲಿ ತಾಯಿಯೊಬ್ಬಳು ಆಸ್ಪತ್ರೆಯಿಂದ ಮನೆಗೆ ಬರುತ್ತಾಳೆ. ಮುಖ ಅದೇ, ಸೀರೆ ಅದೇ, ದನಿ ಬೇರೆ. ಅಲ್ಲಿಗೆ ಅತ್ತೆ ತಟ್ಟನೆ ಪುಸ್ತಕ ಮುಚ್ಚಿ, “ಸಾಕು, ಕಣ್ಣು ಉರೀತಿದೆ” ಅಂದುಬಿಟ್ಟರು.

ಮರುದಿನ ಅಮ್ಮ ಬಂದಳು. ಕೊರಳಿಗೆ ಬಿಳಿ ಪಟ್ಟಿ. “ಬಾರೇ ಪುಟ್ಟಿ” ಅಂದ ದನಿ ಗರಟೆ ಉಜ್ಜಿದ ಹಾಗಿತ್ತು. ನಾನು ಕಂಬದ ಹಿಂದೆ ನಿಂತು ಅವಳ ಪಾದ ನೋಡಿದೆ, ಸೆರಗು ಮೂಸಿದೆ, ಕನ್ನಡಿಯಲ್ಲಿ ಕಾಣುತ್ತಾಳೋ ಎಂದು ಪರೀಕ್ಷಿಸಿದೆ. ಕಲಸಿದ ತುತ್ತನ್ನು ಅವಳು ಕೈಗಿಡಲು ಬಂದಾಗ ಹಿಂದೆ ಸರಿದು, ಶಾಲೆಯ ತಮಿಳಿನಲ್ಲಿ ಕೂಗಿದೆ: “ಇವ ಅಮ್ಮಾ ಇಲ್ಲೆ, ಅತ್ತೆ!” ಇವಳು ಅಮ್ಮ ಅಲ್ಲ ಅಂತ. ಅಮ್ಮ ತುತ್ತನ್ನು ತಟ್ಟೆಗೆ ಹಾಕಿ ಅಡುಗೆಮನೆಗೆ ಹೋದಳು.

“ಏ ಹುಚ್ಚಿ, ಕಥೆ ಪೂರ್ತಿ ಕೇಳಿದ್ಯಾ ನೀನು?” ಅತ್ತೆ ಪುಸ್ತಕ ತಂದು ಓದಿದರು: “ತಾಯಿ ಮೊಸರನ್ನ ಉಂಡಳು. ಎಲ್ಲರಿಗಿಂತ ಮೊದಲು ಮಲಗಿ ಗೊರಕೆ ಹೊಡೆದಳು. ದೆವ್ವಕ್ಕೆಲ್ಲಿಯ ನಿದ್ದೆ? ಇವಳೇ ತನ್ನ ತಾಯಿಯೆಂದು ಮಗುವಿಗೆ ಗೊತ್ತಾಯಿತು.”

“ಹಾಗೇ ಬರ್ದಿದ್ಯಾ?”

“ಅಚ್ಚಾಗಿದೆ ಕಣೆ. ಬೇಕಾದ್ರೆ ನೋಡ್ಕೋ.”

ನನಗೆ ಕನ್ನಡ ಅಕ್ಷರ ಬಾರದೆಂದು ಅವರಿಗೆ ಗೊತ್ತಿತ್ತು. ಅವರ ಕಣ್ಣು ಸಾಲುಗಳ ಮೇಲೆ ಓಡದೆ ನನ್ನ ಮೇಲೇ ಇದ್ದದ್ದು ನನಗೂ ಗೊತ್ತಿತ್ತು. ಅನುಮಾನ ಹೋಗಲಿಲ್ಲ. ಮಜ್ಜಿಗೆ ತರುತ್ತೇನೆಂದು ಅತ್ತೆ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಅಲ್ಲೇ ಇದ್ದರು. ಆಮೇಲೆ ಅಮ್ಮ ನನ್ನೆದುರೇ ಕೂತು, ಒಂದೊಂದು ತುತ್ತಿಗೂ ಕಣ್ಣು ಮುಚ್ಚಿ ನುಂಗುತ್ತ ಮೊಸರನ್ನ ಉಂಡಳು. ಚಾಪೆ ಹಾಸಿ ಮಲಗಿದಳು. ಸ್ವಲ್ಪ ಹೊತ್ತಿಗೇ ಗೊರಕೆ. ನಾನು ಮೆಲ್ಲಗೆ ಹೋಗಿ ಅವಳ ಬೆನ್ನಿಗೆ ಅಂಟಿಕೊಂಡು ಮಲಗಿದೆ.

ಅತ್ತೆ ಆ ಪುಸ್ತಕವನ್ನು ಸಂಘಕ್ಕೆ ಹಿಂದಿರುಗಿಸಲೇ ಇಲ್ಲ. ನಾನು ಅಕ್ಷರ ಕಲಿತದ್ದು ಮದುವೆಯಾದ ಮೇಲೆ, ಮೈಸೂರಿನವರಾದ ನನ್ನ ಯಜಮಾನರಿಂದ. ಇವತ್ತು ನಿಂತಲ್ಲೇ ಆ ಕಥೆಯ ಕೊನೆ ಓದಿದೆ. ಮೊಸರನ್ನವೂ ಇಲ್ಲ, ಗೊರಕೆಯೂ ಇಲ್ಲ. ಮನೆಯವರೆಲ್ಲ ಮಲಗಿದ ಮೇಲೂ ಅವಳೊಬ್ಬಳು ಕಣ್ಣು ತೆರೆದು ಮಗುವಿನ ಪಕ್ಕ ಕೂತೇ ಇರುತ್ತಾಳೆ. ಅತ್ತೆಯ ಧೈರ್ಯಕ್ಕೆ ನಗು ಬಂದು, ಸ್ಟೂಲು ಹತ್ತಿ ಸಾಮಾನು ಏರಿಸುತ್ತಿದ್ದ ಯಜಮಾನರಿಗೆ ಎಲ್ಲವನ್ನೂ ಹೇಳಿದೆ.

ಇವರು ಸ್ಟೂಲಿನ ಮೇಲಿಂದಲೇ, “ಅದು ಸರಿ, ನಿಮ್ಮಮ್ಮ ಗೊರಕೆ ಹೊಡೀತಿದ್ರೇನೆ? ಅಷ್ಟು ವರ್ಷ ಇಲ್ಲೇ ಇದ್ರು, ನಾನಂತೂ ಕೇಳಿಲ್ಲ” ಅಂದರು.

“ನಿಮ್ಮ ಗೊರಕೇಲಿ ಬೇರೆಯವರದ್ದು ಎಲ್ಲಿ ಕೇಳ್ಬೇಕು?” ಅಂದೆನಾದರೂ ಕೈ ಅಲ್ಲೇ ನಿಂತಿತು. ಆ ಮಧ್ಯಾಹ್ನ ಬಿಟ್ಟರೆ ನಾನೂ ಕೇಳಿಲ್ಲ. ಗ್ಯಾಸು, ಚಿಲಕ ಎಲ್ಲ ನೋಡಿ ಕೊನೆಗೆ ಮಲಗುತ್ತಿದ್ದವಳು ಅಮ್ಮ. ಹೊಲಿಗೆ ಹಸಿ ಇದ್ದ ಗಂಟಲು. ಮಾತು ಕೂಡ ಆಡಬೇಡಿ ಎಂದಿದ್ದರಂತೆ ಡಾಕ್ಟರು. ಅಡುಗೆಮನೆಯಲ್ಲಿ ಅತ್ತೆ ಅವಳಿಗೆ ಏನು ಹೇಳಿಕೊಟ್ಟರೋ. ಕೇಳೋಣವೆಂದರೆ ಇಬ್ಬರೂ ಇಲ್ಲ.

ಪುಸ್ತಕವನ್ನು ಎಲ್ಲಕ್ಕಿಂತ ಮೇಲಿನ ಅಟ್ಟದಲ್ಲಿಟ್ಟೆ. ಊಟಕ್ಕೆ ಬೆಳಗಿನ ಸಾರು, ಮೊಸರನ್ನ, ಮಿಡಿ ಉಪ್ಪಿನಕಾಯಿ. ಇವರೇ ಮೊದಲು ಮಲಗಿದರು. ಪಕ್ಕದಲ್ಲಿ ಕೂತು ಸ್ವಲ್ಪ ಹೊತ್ತು ಕೇಳಿಸಿಕೊಂಡೆ, ಗೊರಕೆ ನಿಜದ್ದೇ.