ಎರಡು ಅಳತೆ ದೊಡ್ಡ ಬಳೆ

ಮೊಮ್ಮಕ್ಕಳೇ, ಮೊನ್ನೆ ನಿಮ್ಮಲ್ಲಿ ಕಿರಿಯಳಾದ ಪುಟ್ಟಿ ಶಾಲೆಯ ಗಣಿತಕ್ಕೆಂದು ದುಂಡನೆಯ ಸಾಮಾನು ಹುಡುಕುತ್ತ ನನ್ನ ಟ್ರಂಕು ತೆರೆದಳು. ಲೋಟ, ಡಬ್ಬಿಯ ಮುಚ್ಚಳ ಎಲ್ಲದಕ್ಕೂ ದಾರ ಸುತ್ತಿ ಅಳೆದಾಗಿತ್ತು. ಟ್ರಂಕಿನ ತಳದಲ್ಲಿದ್ದ ಹಸಿರು ಗಾಜಿನ ಬಳೆಗೂ ಸುತ್ತಿದಳು.

"ನೋಡಬೇ ಅಜ್ಜಿ, ಯಾವುದಕ್ಕ ಸುತ್ತಿದ್ರೂ ಅಡ್ಡಗಲದ ಮೂರು ಪಟ್ಟು, ಮ್ಯಾಲ ಚೂರು" ಅಂದಳು. ಆಮೇಲೆ ಅದನ್ನು ನನ್ನ ಬರಿಗೈಗೆ ಹಾಕಿ ನೋಡಿ, "ಇದು ನಿಂದಲ್ಲ ಬಿಡು, ದೊಡ್ಡದೈತಿ. ಯಾರದು?" ಎಂದು ಕೇಳಿದಳು. ನಾನು ಎದ್ದು ಅಡುಗೆಮನೆಗೆ ಹೋದೆ.

ಇರಕಲ್ಲಗಡದ ನಮ್ಮ ಓಣಿಗೆ ಕೊಪ್ಪಳದಿಂದ ಬಳೆಯ ಬುಟ್ಟಿ ಹೊತ್ತು ಬರುತ್ತಿದ್ದವಳನ್ನು ಎಲ್ಲರೂ ಚಾಚಿ ಎನ್ನುತ್ತಿದ್ದೆವು. ಅವಳಿಗೆ ಓದು ಬರದು. ಆದರೆ ನಮ್ಮ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಗೆಣ್ಣುಗಳನ್ನು ಒಮ್ಮೆ ಒತ್ತಿದರೆ ಸಾಕು, "ಎರಡು-ನಾಕು", "ಎರಡು-ಆರು" ಎಂದುಬಿಡುವಳು. ಎರಡು ಇಂಚು, ಅದರ ಮೇಲೆ ಇಂಚಿನ ಹದಿನಾರು ಪಾಲಿನಲ್ಲಿ ನಾಲ್ಕು ಪಾಲು, ಇಲ್ಲವೇ ಆರು... ನಾಲ್ಕನೆಯ ಇಯತ್ತೆ ಓದಿದ ನನಗೆ ಬಾರದ ಲೆಕ್ಕ ಅವಳ ಬೆರಳಿಗೆ ಬರುತ್ತಿತ್ತು. ಓಣಿಯ ಹೆಂಗಸರ ಕೈಗಳೆಲ್ಲ ಅವಳಿಗೆ ಬಾಯಿಪಾಠ.

ನಾನು ಸೊಸೆಯಾಗಿ ಬಂದ ಎರಡನೆಯ ವರ್ಷ ನನ್ನ ನಾದಿನಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬಂದ ವಾರವೇ ಚಾಚಿ ಅವಳಿಗೆ ಎರಡು-ನಾಕರ ಬಳೆ ತೊಡಿಸಿದ್ದಳು. ನನ್ನ ಅಳತೆಯೂ ಅದೇ. ಹದಿನೈದು ದಿನಕ್ಕೆ ಕುಬಸದ ಕಾರ್ಯ, ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸುವ ದಿನ. ಅಂದು ಎರಡು-ನಾಕು ಅವಳ ಗೆಣ್ಣು ದಾಟಲಿಲ್ಲ. ಎರಡು-ಆರೂ ದಾಟಲಿಲ್ಲ. ಮೊದಲು ತೊಟ್ಟ ಬಳೆಗಳು ಮಣಿಕಟ್ಟಿನಲ್ಲಿ ಹೂತು ಕೂತಿದ್ದವು.

"ತಲಿ ನೋಯ್ತೈತೇನವ್ವ?" ಎಂದಳು ಚಾಚಿ. ನಾದಿನಿ ತಲೆಯಾಡಿಸಿದಳು.

"ಇದು ಛಲೋ ಅಲ್ರಿ ಅವ್ವಾರ. ದವಾಖಾನಿಗೆ ಕರ್ಕೊಂಡು ಹೋಗ್ರಿ."

ನಮ್ಮತ್ತೆ, "ಬಸುರಿ ಕೈ ತುಂಬ್ಯಾವ, ನಿನಗ್ಯಾಕ ಸಂಕಟ? ದೊಡ್ಡವು ತೊಡಸು" ಅಂದರು.

"ಚಾಚಿ ಬಳಿ ಬಿಟ್ಟು ಡಾಕ್ಟರಿಕಿ ಸುರು ಮಾಡ್ಯಾಳ" ಎಂದು ಪಕ್ಕದ ಮನೆಯಾಕೆ ಸೇರಿಸಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆನೇನೋ...

ಚಾಚಿ ಎರಡು-ಎಂಟು ತೊಡಿಸಿದಳು. ಹೊರಡುವಾಗ ಬಾಗಿಲಲ್ಲಿ ಅದೇ ಅಳತೆಯ ಒಂದು ಬಳೆ ನನ್ನ ಅಂಗೈಯಲ್ಲಿಟ್ಟಳು.

"ಇದನ್ನ ನಿನ್ನ ಕೈಯಾನ ಬಳಿ ಜೋಡಿ ಹಿಡದು ನಿನ್ನ ಗಂಡಗ ತೋರ್ಸು. ಕೈ ದಪ್ಪಾಗೋದು ತಪ್ಪಲ್ಲವ್ವ. ಒಂಬತ್ತು ತಿಂಗಳದಾಗ ಏರೋದು ಹದಿನೈದು ದಿನದಾಗ ಏರೇತಿ. ನಾ ಹೊರಗಿನಾಕಿ, ನನ್ನ ಮಾತು ನಡ್ಯಂಗಿಲ್ಲ. ನೀ ಹೇಳು."

ನಿಮ್ಮಜ್ಜ ತಂಗಿಗಾಗಿ ಒಂದೇ ಮಾತಿಗೆ ಜೀಪು ತರಿಸುವವರು. ಆದರೆ ಹಿರಿಯರೆದುರು ನಾನು ಅವರೊಡನೆ ಮಾತಾಡುತ್ತಿರಲಿಲ್ಲ. ಇಬ್ಬರೇ ಇದ್ದಾಗಲೂ, ಅತ್ತೆಯ ಮಾತು ಮೀರಿದಂತಾಗುತ್ತದೆಂದು ಬಾಯಿ ಬರಲಿಲ್ಲ. ಬಳೆಯನ್ನು ಟ್ರಂಕಿನಲ್ಲಿಟ್ಟೆ. ನಾಳೆ ಹೇಳಿದರಾಯಿತು ಅಂದುಕೊಂಡೆ, ಮರುದಿನವೂ ಹಾಗೇ ಅಂದುಕೊಂಡೆ...

ಮೂರನೆಯ ದಿನ ಮಧ್ಯಾಹ್ನ ನಾದಿನಿಗೆ ಫಿಟ್ಸ್ ಬಂತು. ಕೊಪ್ಪಳದ ಆಸ್ಪತ್ರೆಯಲ್ಲಿ ಕೂಸನ್ನು ಉಳಿಸಿದರು. ಅವಳು ಉಳಿಯಲಿಲ್ಲ. "ಬಿ.ಪಿ. ಏರಿ ಕೈ ಬಾತಿದ್ವು, ಮೂರು ದಿನ ಮೊದಲ ತಂದಿದ್ರ..." ಎಂದರು ಡಾಕ್ಟರಮ್ಮ. ಆ ಮೂರು ದಿನ ನನ್ನವು.

ಆ ಕೂಸೇ ಗಂಗಾವತಿಯ ನಿಮ್ಮ ಅತ್ತೆ. ನಾನೇ ಬೆಳೆಸಿದೆ. ಪ್ರತಿ ದೀಪಾವಳಿಗೆ ಚಾಚಿ ಆ ಪುಟ್ಟ ಕೈ ಒತ್ತಿ ನೋಡಿ, "ವರ್ಷಕ್ಕೊಂದು ಅಳತಿ. ಹಿಂಗ ಏರಬೇಕು" ಎನ್ನುವಳು. ಆ ಬಳೆ ತೋರಿಸಿದೆಯಾ ಎಂದು ನನ್ನನ್ನು ಒಮ್ಮೆಯೂ ಕೇಳಲಿಲ್ಲ. ನಿಮ್ಮಜ್ಜ ತೀರಿಕೊಂಡಾಗ ಬುಟ್ಟಿಯಿಲ್ಲದೆ ಬಂದು, ನನ್ನ ಬರಿಗೈ ಹಿಡಿದು ಬಹಳ ಹೊತ್ತು ಕೂತಳು. ಆಗಲಾದರೂ ಹೇಳಬೇಕಿತ್ತು. ಈಗ ಅವಳೂ ಇಲ್ಲ.

ಹೆತ್ತವಳು ಹೆರಿಗೆಯಲ್ಲಿ ಹೋದಳೆಂದು ನಿಮ್ಮ ಅತ್ತೆಗೆ ಗೊತ್ತು. ಬಳೆಯ ವಿಷಯ ಗೊತ್ತಿಲ್ಲ. ಪುಟ್ಟಿ, ಬಳೆ ಯಾರದು ಎಂದು ಕೇಳಿದವಳು ನೀನು. ಈ ದೀಪಾವಳಿಗೆ ಅತ್ತೆ ಬಂದಾಗ ನಾನು ಬರೆದಿಟ್ಟ ಇದನ್ನು ನೀನೇ ಓದಿ ಹೇಳು, ನನ್ನ ಬಾಯಿಂದ ಬರುವುದಿಲ್ಲ. ಎದ್ದು ಅಡುಗೆಮನೆಗೆ ಹೋಗದೆ ನಾನು ಎದುರಿಗೇ ಕೂತಿರುತ್ತೇನೆ. ಚಾಚಿ ಇದ್ದಿದ್ದರೆ ಅವಳನ್ನೂ ಕೂರಿಸುತ್ತಿದ್ದೆ...