ಸೊಟ್ಟ ಬೋಕಿಗಳು

ನೆನ್ ನದಿಯ ದಂಡೆಯ ಸಂತೆಯಲ್ಲಿ ಮೇವಿಸ್ ಪ್ಲೋರೈಟ್ ಬಹುಕಾಲ ಪಿಂಗಾಣಿ ಮಾರಿದವಳು. ತಟ್ಟೆಯ ಬಿರುಕನ್ನು ಗೋಡೆಯ ಕಡೆಗೆ ತಿರುಗಿಸಿಡುವುದರಲ್ಲಿ ಅವಳ ಕೈ ಪಳಗಿತ್ತು. ಸೊಟ್ಟ ಬಟ್ಟಲನ್ನು ಕೈಕೆಲಸವೆಂದು ಹೇಳಿ ಕೊಂಚ ಹೆಚ್ಚಿಗೇ ಮಾರುತ್ತಿದ್ದಳು. ಅಂಗಡಿ ಮುಚ್ಚಿದ ಮೇಲೆ, ಉತ್ತ ಹೊಲಗಳಲ್ಲಿ ತಲೆ ತಗ್ಗಿಸಿ ನಡೆದು ರೋಮನ್ನರ ಕಾಲದ ಬೋಕಿ, ಅಂದರೆ ಒಡೆದ ಮಡಕೆಯ ಚೂರು, ಹೆಕ್ಕುವ ಊರಿನ ಗುಂಪಿಗೆ ಸೇರಿದಳು.

ಆ ಚಳಿಗಾಲ ಚರ್ಚಿನ ಹಿಂದಿನ ಹೊಲವನ್ನು ಜಲ್ಲಿ ತೆಗೆಯುವವರು ಕೊಂಡರು. ಅಲ್ಲಿ ರೋಮನ್ನರು ಮಡಕೆ ಸುಟ್ಟ ಆವಿಗೆ ಇತ್ತೆಂದು ತೋರಿಸಿದರೆ ಮಾತ್ರ ಅವರ ಅಗೆಯುವ ಯಂತ್ರ ನಿಲ್ಲುತ್ತಿತ್ತು. ಮೇವಿಸ್ ಚೀಲಗಟ್ಟಲೆ ಹೆಕ್ಕಿದಳು. ತೊಳೆಯುವ ಹೊಣೆ ಅದೇ ಗುಂಪಿನ ಸಿರಿಲ್‌ನದು. ಮಾಂಸದಂಗಡಿ ನಡೆಸಿ ನಿವೃತ್ತನಾದವನು.

ಮ್ಯೂಸಿಯಮ್ಮಿನ ಇಮೋಜೆನ್ ಬಂದ ದಿನ ಬೋಕಿಗಳು ಚಹಾಕ್ಕೆ ಬಂದ ನೆಂಟರಂತೆ ಸಿರಿಲ್‌ನ ಮನೆಯ ಮೇಜಿನ ಮೇಲೆ ಸಾಲಾಗಿ ಕುಳಿತಿದ್ದವು. ಅವಳು ಒಂದರ ಅಂಚನ್ನು ಇಕ್ಕಳದಿಂದ ಚೂರೇ ಮುರಿದು ಒಳಗಿನ ಬಿಳಿ ಮಣ್ಣು ನೋಡಿದಳು. ಮೇಲಿನ ಕಪ್ಪು ಲೇಪ, ಹೊರಕ್ಕೆ ಬಾಗಿದ ಕಂಠ ನೋಡಿದಳು. ನಾಲ್ಕನೆಯ ಶತಮಾನ, ಅನುಮಾನವಿಲ್ಲ ಎಂದಳು. ಆದರೆ ಇಂಥವು ಆಗ ಮನೆಮನೆಯಲ್ಲೂ ಇದ್ದವು. ಇಲ್ಲಿ ಬಳಸಿದರು ಅನ್ನಬಹುದು, ಇಲ್ಲೇ ಸುಟ್ಟರು ಅನ್ನಲಾಗದು.

"ಸುಡುವಾಗ ಕೆಟ್ಟದ್ದು ಸಿಕ್ತಾ? ಸೊಟ್ಟಗಾಗಿದ್ದು, ಒಂದಕ್ಕೊಂದು ಅಂಟಿದ್ದು?"

ಮೇವಿಸ್ ಮೇಜನ್ನು ಮತ್ತೆ ನೋಡಿದಳು. ತಾನು ಹೆಕ್ಕಿದ್ದ ಸೊಟ್ಟವು ಒಂದೂ ಇರಲಿಲ್ಲ.

"ಸಿರಿಲ್, ಸೊಟ್ಟವೆಲ್ಲ ಎಲ್ಲಿ?"

"ಮ್ಯೂಸಿಯಮ್ಮಿನೋರ ಮುಂದೆ ಅಂಥದ್ದು ಇಡೋಕಾಗುತ್ತಾ? ನಮ್ಮ ಗೇಟಿನ ಹತ್ರ ಗುಂಡಿ ಬಿದ್ದಿತ್ತು. ಅದಕ್ಕೆ ಸುರಿದೆ."

"ನಿನ್ ತಲೇನೂ ಜೊತೆಗೇ ಸುರೀಬೇಕಿತ್ತು. ಊರಿಗೆಲ್ಲ ಹಳಸಿದ ಸಾಸೇಜ್ ತಿನ್ನಿಸ್ದೋನಿಗೆ ಬೋಕಿ ಅಂದ್ರೆ ಮರ್ಯಾದೆ ನೆನಪಾಯ್ತಾ? ಸೊಟ್ಟ ಮಡಕೆನ ಯಾವನಯ್ಯ ಗಾಡಿ ಮೇಲೆ ಹೇರ್ಕೊಂಡು ಸಂತೆಗೆ ಹೋಗ್ತಾನೆ? ಅದು ಹುಟ್ಟಿದಲ್ಲೇ ಬೀಳುತ್ತೆ. ಅದೇ ಕಣೋ ನಮ್ಮ ಸಾಕ್ಷಿ."

"ಸಾಸೇಜ್ ಒಂದೇ ಕ್ರಿಸ್‌ಮಸ್ ಹಾಗಾಗಿದ್ದು," ಎಂದು ಸಿರಿಲ್ ಗೊಣಗಿದ.

ಮೇವಿಸ್ ಕೋಟನ್ನೂ ಹಾಕಿಕೊಳ್ಳದೆ ಹೊರಟಳು. ಗುಂಡಿಯ ಮೇಲೆ ಸಿರಿಲ್‌ನ ಕಾರು ನಿಂತಿತ್ತು. ಅವಳು ಚಕ್ರದ ಪಕ್ಕದ ಕೆಸರಲ್ಲಿ ಮಂಡಿಯೂರಿ, ಶಪಿಸುತ್ತ, ಬೆರಳಲ್ಲೇ ಕೆದಕಿದಳು. ಕೈಗೆ ಬಂದದ್ದು ಒಂದರೊಳಗೊಂದು ಕರಗಿ ಅಂಟಿದ ಎರಡು ಬಟ್ಟಲಿನ ಕಂಠ, ಹಿಂಡಿದ ಕಿವಿಯಂತೆ ತಿರುಚಿತ್ತು. ಸಿರಿಲ್‌ನ ಜೊತೆ ಹಿಂದೆಯೇ ಬಂದಿದ್ದ ಇಮೋಜೆನ್ ಅದನ್ನು ಬೆಳಕಿಗೆ ಹಿಡಿದಳು. ಇದು ಸಾಕು, ಯಂತ್ರಕ್ಕಿಂತ ಮೊದಲು ನಾವೇ ಅಗೆಯುತ್ತೇವೆ ಎಂದಳು.

ಸಿರಿಲ್‌ನ ಮುಖ ಅರಳಿತು. "ಹಾಗಾದ್ರೆ ಎಲ್ಲಾ ಸರಿಹೋಯ್ತಲ್ಲ, ಮೇವಿಸ್?"

ಅವಳು ಕೆದಕುತ್ತಲೇ ಹೇಳಿದಳು.

"ಕಾರು ಹಿಂದಕ್ಕೆ ತಗೋ. ಮಿಕ್ಕಿದ್ದೆಲ್ಲ ನಿನ್ ಚಕ್ರದ ಕೆಳಗಿದೆ."