ಕುಳ್ಳರ ಕೋಟೆಗೆ ಕುಡಿಯುವ ನೀರು

ಅವರ ನಿಜವಾದ ಹೆಸರು ಬಾಗಿಲ ಮೇಲಿನ ಫಲಕದಲ್ಲಿ ಇತ್ತು. ಆದರೆ ಕಟ್ಟಡದವರೆಲ್ಲ ಅವರನ್ನು ಕರೆಯುತ್ತಿದ್ದುದು ‘ನೋಡೋಣ ಸಾರ್’ ಎಂದೇ. ಮೂರಂತಸ್ತಿನ ಆ ಕಟ್ಟಡದ ನಿವಾಸಿಗಳ ಸಂಘಕ್ಕೆ ಅವರು ಕಾರ್ಯದರ್ಶಿ. ಮೆಟ್ಟಿಲ ದೀಪ ಸುಟ್ಟುಹೋಗಿದೆ ಎಂದರೆ ನೋಡೋಣ ಎನ್ನುವರು. ತಾರಸಿಯ ಬಾಗಿಲು ಕಿತ್ತು ಬಂದಿದೆ ಎಂದರೂ ನೋಡೋಣ ಎನ್ನುವರು. ಹಾಗೆಂದವರು ಎದ್ದು ಹೋಗಿ ನೋಡಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಹಗಲಿನಲ್ಲಿ ಅವರು ಒಂದು ವಿಮಾ ಕಚೇರಿಯ ಗುಮಾಸ್ತರು. ಸತ್ತವರು ನಿಜವಾಗಿಯೂ ಸತ್ತಿದ್ದಾರೆಯೇ, ಸತ್ತಿದ್ದರೆ ನಿಯಮದ ಪ್ರಕಾರ ಸತ್ತಿದ್ದಾರೆಯೇ ಎಂದು ವಿಚಾರಿಸುವ ವಿಭಾಗ ಅವರದು. ಆ ಕೆಲಸದಲ್ಲಿ ಅವರದು ಎತ್ತಿದ ಕೈ ಎಂದು ಮೇಲಧಿಕಾರಿಗಳೇ ಹೊಗಳುತ್ತಿದ್ದರು.

ಕಟ್ಟಡದ ನೆಲದಡಿಯ ಸಂಪು ಬಿರುಕು ಬಿಟ್ಟು ಬಹಳ ಕಾಲವಾಗಿತ್ತು. ಅದಕ್ಕೆ ಅಂಟಿಕೊಂಡೇ ಚರಂಡಿಯ ಕೊಳವೆ ಹಾದುಹೋಗಿತ್ತು. ಅಕ್ಕಪಕ್ಕದ ಮನೆಯವರ ಹಾಗೆ ಅವೆರಡರ ನಡುವೆಯೂ ಕೊಡುವುದು ತೆಗೆದುಕೊಳ್ಳುವುದು ಶುರುವಾಗಿತ್ತು. ನಲ್ಲಿಯ ನೀರಿಗೆ ಬಣ್ಣ ಬಂತು, ಆಮೇಲೆ ವಾಸನೆಯೂ ಬಂತು. ನೋಡೋಣ ಸಾರ್ ಅವರ ಹೆಂಡತಿ ಬೀದಿ ತಿರುವಿನ ಔಷಧದಂಗಡಿಯಲ್ಲಿ ಕೆಲಸಕ್ಕಿದ್ದರು. ಕಟ್ಟಡದ ಯಾವ ಮನೆಯಲ್ಲಿ ಯಾರ ಹೊಟ್ಟೆ ಕೆಟ್ಟಿತು ಎಂಬುದು ಅವರಿಗೆ ಮಾತ್ರೆ ಕಟ್ಟಿಕೊಡುವಾಗಲೇ ಗೊತ್ತಾಗುತ್ತಿತ್ತು. ಗಂಡನ ಕಿವಿಗೆ ಅದನ್ನು ಹಾಕಿಹಾಕಿ ಸಾಕಾಗಿ, ಅವರು ನೀರು ಕಾಯಿಸಿ ಸೋಸುವುದನ್ನು ರೂಢಿ ಮಾಡಿಕೊಂಡಿದ್ದರು.

ಹಾಗೆಂದು ನೋಡೋಣ ಸಾರ್ ಅವರಿಗೆ ನೀರಿನ ಬಗ್ಗೆ ಕಾಳಜಿ ಇರಲಿಲ್ಲ ಎಂದರೆ ತಪ್ಪಾಗುತ್ತದೆ. ಅವರಷ್ಟು ಕಾಳಜಿ ಊರಿನಲ್ಲೇ ಯಾರಿಗೂ ಇರಲಿಕ್ಕಿಲ್ಲ. ಕಚೇರಿಯ ಟಪಾಲು ಗುಮಾಸ್ತರು ಒಮ್ಮೆ ಅವರಿಗೆ ಒಂದು ಕಂಪ್ಯೂಟರ್ ಆಟ ಕಲಿಸಿಕೊಟ್ಟಿದ್ದರು. ಬೆಟ್ಟದೊಳಗೆ ಕುಳ್ಳರ ಒಂದು ಗುಂಪು. ಅವರಿಗೆ ಕೋಟೆ ಕಟ್ಟಿಸಬೇಕು, ಹೊಟ್ಟೆಗೆ ಹಾಕಬೇಕು, ವೈರಿಗಳಿಂದ ಕಾಪಾಡಬೇಕು. ಆಟಕ್ಕೆ ಇಳಿದ ಮೇಲೆ ಸಾರ್ ಬೇರೆಯೇ ಮನುಷ್ಯರಾದರು. ಕಚೇರಿಯಿಂದ ಬಂದವರು ಚೀಲ ಕೆಳಗಿಡುವ ಮೊದಲೇ ಕಂಪ್ಯೂಟರ್ ಹಾಕುವರು. ಹೊರಗಿನ ಹೊಳೆ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ, ವೈರಿಗಳು ಮುತ್ತಿಗೆ ಹಾಕಿದರೆ ಕೋಟೆಯ ಬಾಗಿಲು ತೆಗೆಯುವಂತಿಲ್ಲ, ಆಗ ಕುಳ್ಳರು ಏನು ಕುಡಿಯಬೇಕು ಎಂಬುದು ಅವರ ನಿದ್ದೆ ಕೆಡಿಸಿತು. ನೆಲದಡಿ ಒಂದು ದೊಡ್ಡ ತೊಟ್ಟಿ ತೋಡಿಸಿದರು. ಹೊಳೆಯಿಂದ ಅದಕ್ಕೆ ಗುಟ್ಟಾಗಿ ಕಾಲುವೆ ಎಳೆಸಿದರು. ಕಾಲುವೆಯೊಳಗೆ ಈಜಿಕೊಂಡು ಬರುವ ಪ್ರಾಣಿಗಳನ್ನು ತಡೆಯಲು ಕಬ್ಬಿಣದ ಜಾಲರಿ, ನೀರು ತಡೆಯಲು ಕಲ್ಲಿನ ತೂಬು, ತೂಬಿಗೊಂದು ಹಿಡಿಕೆ. ತೊಟ್ಟಿಯ ನೆತ್ತಿಯ ಮೇಲೆ, ಕುಳ್ಳರು ಊಟಕ್ಕೆ ಕೂರುವ ಹಜಾರದ ನಡುವೆ, ಕೆತ್ತನೆಯ ಬಾವಿಕಟ್ಟೆ.

ಅದನ್ನು ಅವರು ಹೆಂಡತಿಯನ್ನು ಕೂರಿಸಿಕೊಂಡು ವಿವರಿಸಿದರು. ಮದುವೆಯಾದ ಮೇಲೆ ಗಂಡ ಅಷ್ಟು ಹೊತ್ತು ಒಂದೇ ಸಮನೆ ಮಾತಾಡಿದ್ದನ್ನು ಆಕೆ ಕೇಳಿರಲಿಲ್ಲ.

“ಎಲ್ಲಾ ಸರಿ ರೀ. ಚರಂಡಿ ನೀರು ಒಳಗೆ ಸೇರ್ಕೊಂಡ್ರೆ?”

ಸಾರ್ ಅವರಿಗೆ ಅವಮಾನವಾಯಿತು. “ಚರಂಡಿ ಪಕ್ಕದಲ್ಲಿ ತೊಟ್ಟಿ ತೋಡಿಸೋ ಮೂರ್ಖ ಯಾರಿದಾನೆ?”

ಹೆಂಡತಿ ಎದ್ದು ಒಲೆಯ ಮೇಲಿನ ನೀರು ಇಳಿಸಲು ಹೋದರು.

ತೂಬು ತೆರೆಯುವ ಸಂಜೆ ಬಂತು. ಹೊಳೆ ಎತ್ತರದಲ್ಲಿತ್ತು, ತೊಟ್ಟಿ ತಗ್ಗಿನಲ್ಲಿತ್ತು. ಹಾಗೇ ಬಿಟ್ಟರೆ ನೀರು ಹೊಳೆಯ ಮಟ್ಟಕ್ಕೆ ಏರುತ್ತದೆ, ಆದ್ದರಿಂದ ತೊಟ್ಟಿ ಅರ್ಧ ತುಂಬುತ್ತಲೇ ತೂಬು ಮುಚ್ಚಬೇಕು. ಇದೆಲ್ಲ ಸಾರ್ ಅವರಿಗೆ ಬಾಯಿಪಾಠವಾಗಿತ್ತು. ಹಿಡಿಕೆ ಎಳೆಸಿದರು. ಕಾಲುವೆಯಲ್ಲಿ ನೀರು ಓಡಿ ಬಂತು. ಆಗಲೇ ಬಾಗಿಲ ಕರೆಗಂಟೆ ಸದ್ದಾಯಿತು.

ಮೂರನೇ ಅಂತಸ್ತಿನ ಅಜ್ಜಿ, ಕೈಯಲ್ಲಿ ಗಾಜಿನ ಲೋಟ ಹಿಡಿದು ನಿಂತಿದ್ದರು. ಲೋಟದ ತಳದಲ್ಲಿ ಏನೋ ಮಿಸುಕಾಡುತ್ತಿತ್ತು. ಒಂದೇ ಸಲ ಇಣುಕಿ ನೋಡಪ್ಪ ಎಂದು ಅಜ್ಜಿ ಬೇಡಿಕೊಂಡರು. ಸಾರ್ ಲೋಟದ ಕಡೆ ನೋಡಲಿಲ್ಲ. ನಿಯಮ ಹೇಳಲು ಶುರುಮಾಡಿದರು. ಸಂಪಿನ ವಿಷಯ ಮೊದಲು ಸಭೆಗೆ ಬರಬೇಕು, ಸಭೆಗೆ ಸಾಕಷ್ಟು ಜನ ಸೇರಬೇಕು, ಇಂಥ ತುರ್ತು ವಿಷಯಗಳಲ್ಲಿ ಆತುರ ಪಡುವುದು ತೀರಾ ಅಪಾಯ ಎಂದರು. ಅಜ್ಜಿ ಮಂಡಿ ನೋವು ತಡೆಯಲಾರದೆ ಮೆಟ್ಟಿಲ ಮೇಲೆ ಕೂತರು. ಕೇಳುವವರು ಆರಾಮವಾಗಿ ಕೂತದ್ದನ್ನು ಕಂಡು ಸಾರ್ ಅವರಿಗೆ ಇನ್ನಷ್ಟು ಹುರುಪು ಬಂತು.

ಮಾತು ಮುಗಿಸಿ ಒಳಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ತುಂಬಿದ ತೊಟ್ಟಿಯ ನೀರು ಬಾವಿಯ ಬಾಯಿಂದ ಉಕ್ಕಿ ಹಜಾರಕ್ಕೆ ನುಗ್ಗಿತ್ತು. ಊಟಕ್ಕೆ ಕೂತಿದ್ದ ಕುಳ್ಳರು ಮೇಜುಗಳ ಜೊತೆಗೇ ತೇಲುತ್ತಿದ್ದರು. ಮಲಗುವ ಕೋಣೆಗಳೂ ಉಗ್ರಾಣವೂ ಹೋಗಿದ್ದವು. ಕೋಟೆಯಲ್ಲಿ ಒಂದು ನರಪಿಳ್ಳೆಯೂ ಉಳಿಯಲಿಲ್ಲ. ಸಾರ್ ತಲೆ ಮೇಲೆ ಕೈಹೊತ್ತು ಕೂತರು. ಅಂದು ಊಟ ಮಾಡಲಿಲ್ಲ. ಮುದುಕಿ ನನ್ನ ಸಂಸಾರ ಮುಳುಗಿಸಿದಳು ಎಂದು ಗೊಣಗಿಕೊಂಡರು.

ಬೆಳಿಗ್ಗೆ ಕಚೇರಿಗೆ ಫೋನ್ ಮಾಡಿ, ಮನೆಯಲ್ಲಿ ಸಾವಾಗಿದೆ, ಬರಲಾರೆ ಎಂದರು. ಹಾಗೆನ್ನುತ್ತ ಅತ್ತದ್ದು ನಟನೆಯಾಗಿರಲಿಲ್ಲ. ಯಾರು ಹೋಗಿದ್ದು ಎಂದು ಆ ಕಡೆಯವರು ಮೆಲ್ಲಗೆ ಕೇಳಿದರು. “ಎಲ್ಲರೂ” ಎಂದು ಹೇಳಿ ಇವರು ಫೋನ್ ಇಟ್ಟುಬಿಟ್ಟರು.

ಕಚೇರಿ ತತ್ತರಿಸಿಹೋಯಿತು. ಮಧ್ಯಾಹ್ನ ಮ್ಯಾನೇಜರೇ ಮುಂದಾಗಿ ಇಡೀ ವಿಭಾಗವನ್ನು ಕರೆದುಕೊಂಡು ಹೊರಟರು. ಟಪಾಲು ಗುಮಾಸ್ತರ ಕೈಯಲ್ಲಿ ಒಂದು ದೊಡ್ಡ ಹೂವಿನ ಚಕ್ರ. ಹೂಚಕ್ರ ಮೆಟ್ಟಿಲೇರುವುದನ್ನು ಕಂಡ ಕಟ್ಟಡದವರು ಒಬ್ಬೊಬ್ಬರಾಗಿ ಹೊರಗೆ ಬಂದು ಹಿಂದೆಯೇ ನಡೆದರು. ಊಟಕ್ಕೆಂದು ಅಂಗಡಿಯಿಂದ ಬಂದಿದ್ದ ಹೆಂಡತಿ ಬಾಗಿಲು ತೆರೆದರು. ಮ್ಯಾನೇಜರ್ ಎರಡು ಹೆಜ್ಜೆ ಹಿಂದೆ ಸರಿದರು.

“ಅಮ್ಮ, ನೀವು... ಇದ್ದೀರಾ?”

“ಇದ್ದೀನಲ್ಲ. ಯಾಕೆ, ಏನಾಗ್ಬೇಕಿತ್ತು?”

ಒಳಗೆ ಸಾರ್ ಬನಿಯನ್ನಿನಲ್ಲಿ ಕೂತು, ಪರದೆಯ ಮೇಲೆ ತೇಲುತ್ತಿದ್ದವರನ್ನು ಲೆಕ್ಕ ಹಾಕುತ್ತಿದ್ದರು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ, ಎಲ್ಲವನ್ನೂ ಹೇಳಬೇಕಾಯಿತು. ಹೇಳುತ್ತ ಹೇಳುತ್ತ ಅವರಿಗೇ ಗೊತ್ತಿಲ್ಲದಂತೆ ಹುರುಪು ಬಂದು ಜಾಲರಿ, ತೂಬು, ನೀರಿನ ಒತ್ತಡ ಎಲ್ಲವನ್ನೂ ಬೆರಳಿಟ್ಟು ತೋರಿಸಿದರು. ಟಪಾಲು ಗುಮಾಸ್ತರು ಹೂಚಕ್ರವನ್ನು ಎಲ್ಲಿಡಬೇಕೆಂದು ತಿಳಿಯದೆ ತೋಳಿಗೆ ಸಿಕ್ಕಿಸಿಕೊಂಡು ಗೋಡೆಯ ಕಡೆ ತಿರುಗಿ ನಿಂತರು. ಮ್ಯಾನೇಜರ್ ಶಾಂತವಾಗಿ, ಪ್ರತಿಯೊಬ್ಬ ಕುಳ್ಳನ ಮರಣ ಪ್ರಮಾಣಪತ್ರವನ್ನೂ ತಂದುಕೊಟ್ಟರೆ ರಜೆಯ ವಿಷಯ ಪರಿಶೀಲಿಸಬಹುದು ಎಂದು ಹೇಳಿ ಮೆಟ್ಟಿಲಿಳಿದರು. ಕಚೇರಿಯವರು ಅವರ ಹಿಂದೆ ಹೊರಟರು. ಕಟ್ಟಡದವರು ಮಾತ್ರ ಕದಲಲಿಲ್ಲ.

ಅಜ್ಜಿ ಪರದೆಯ ಹತ್ತಿರ ಬಂದು, ಕನ್ನಡಕ ಏರಿಸಿಕೊಂಡು, ತೊಟ್ಟಿಯಿಂದ ಬಾವಿಯವರೆಗೆ ಎಲ್ಲವನ್ನೂ ನೋಡಿದರು.

“ಇಷ್ಟು ಜನಕ್ಕೆ ನೀರು ಕಟ್ಟಿಸಿಕೊಟ್ಟಿದ್ದೀಯಲ್ಲಪ್ಪ. ನನ್ನನ್ನೂ ಅಲ್ಲಿಗೇ ಸೇರಿಸ್ಕೋ. ಕುಳ್ಳಿ ಅಂತ ಹೇಗೂ ಎಲ್ಲರೂ ಕರೀತಾರೆ.”

ಸಾರ್ ಬಾಯಿ ತೆರೆದರು, ‘ನೋ’ ಎಂಬಷ್ಟು ಹೊರಬಂದು ಅಲ್ಲಿಗೇ ನಿಂತಿತು. ಎದುರುಮನೆಯ ದರ್ಜಿ ಸುತ್ತ ಕಣ್ಣಾಡಿಸಿ, ಸಭೆಗೆ ಬೇಕಾದಷ್ಟು ಜನ ಇವತ್ತು ಮೊದಲ ಸಲ ಸೇರಿದ್ದಾರೆ, ಈಗಲೇ ಸಭೆ ಮಾಡಿಬಿಡೋಣ ಎಂದರು. ಸಾರ್ ಅವರನ್ನು ಕಾರ್ಯದರ್ಶಿ ಸ್ಥಾನದಿಂದ ಇಳಿಸಲು ತಕರಾರು ಬರಲಿಲ್ಲ. ಹೊಸ ಕಾರ್ಯದರ್ಶಿ ಯಾರು ಎಂಬ ಮಾತು ಬಂದಾಗ, ಎಲ್ಲರ ಹೊಟ್ಟೆಯ ಪಾಡು ಬಲ್ಲವರು ಔಷಧದಂಗಡಿಯ ಅಮ್ಮ ಒಬ್ಬರೇ ಎಂದು ದರ್ಜಿ ಹೇಳಿದರು. ಸಾರ್ ಅವರ ಹೆಂಡತಿ ಒಪ್ಪಿಕೊಂಡರು, ಆದರೆ ಒಂದು ಷರತ್ತು ಹಾಕಿದರು. ಗಾರೆ ಕೆಲಸದವರು ಬರುವ ಮುಂಚೆ ಸಂಪು ಬರಿದು ಮಾಡಿ ಹೂಳೆತ್ತಬೇಕು. ನೆಲದಡಿಯ ಕೆಲಸದಲ್ಲಿ ಪಳಗಿದವರು ತಮ್ಮ ಮನೆಯಲ್ಲೇ ಇದ್ದಾರೆ, ಅವರನ್ನೇ ಇಳಿಸುವುದು.

ಭಾನುವಾರ ನೋಡೋಣ ಸಾರ್ ನಿಜವಾಗಿಯೂ ಹೋಗಿ ನೋಡಿದರು. ಪಂಪು ಹಾಕಿ ನೀರೆಲ್ಲ ಹೊರಹಾಕಿದರು, ಮುಚ್ಚಳ ತೆರೆದಿಟ್ಟು ಗಾಳಿಯಾಡಿದ ಮೇಲೆ ಬಕೆಟ್ಟು ಹಿಡಿದು ಏಣಿಯಿಂದ ಇಳಿದರು. ಒಳಗೆ ಕೆತ್ತನೆಯೂ ಇರಲಿಲ್ಲ, ಜಾಲರಿಯೂ ಇರಲಿಲ್ಲ. ಮೊಣಕಾಲುದ್ದದ ಕೆಸರು, ಕೊಳೆತ ಬಟ್ಟೆ ಚೂರು, ಗೋಡೆಯ ಬಿರುಕಿನಿಂದ ಸಣ್ಣಗೆ ಒಸರುತ್ತಿದ್ದ ಕಪ್ಪು ನೀರು. ಅದನ್ನು ಅವರು ಬಹಳ ಹೊತ್ತು ನೋಡುತ್ತ ನಿಂತರು. ಇಷ್ಟು ದಿನ ಇದನ್ನೇ ಕುಡಿದೆವೇ ಎಂದು ಕೆಳಗಿನಿಂದ ಕೇಳಿದರು. ಮೇಲಿದ್ದವರು ಖಾಲಿ ಬಕೆಟ್ಟು ಇಳಿಬಿಟ್ಟರು.

ಸಂಜೆಗೆ ಮೇಲೆ ಬಂದಾಗ ಅವರ ಮುಖದಲ್ಲಿ ಕಣ್ಣು ಮಾತ್ರ ಬೆಳ್ಳಗಿತ್ತು. ಸ್ನಾನಕ್ಕೆ ನೀರು ಕೊಡಿ ಎಂದು ಕೇಳಿದರು. ಇಡೀ ಕಟ್ಟಡದಲ್ಲಿ ನೀರಿರಲಿಲ್ಲ, ಬರಿದು ಮಾಡಿದವರು ಅವರೇ. ಟ್ಯಾಂಕರು ಬರುವವರೆಗೂ ಮೆಟ್ಟಿಲ ಮೇಲೆ ಕೂತಿರಿ, ಆ ಕಾಲಲ್ಲಿ ಒಳಗೆ ಬರಬೇಡಿ ಎಂದು ಹೊಸ ಕಾರ್ಯದರ್ಶಿ ಒಳಗಿನಿಂದಲೇ ಹೇಳಿದರು.